ನರಳಲೇ ಇಲ್ಲ ಎಂಬ ಹೊಗಳಿಕೆ

ತೀರಿಕೊಂಡವರ ಮನೆಗೆ ಮಾತನಾಡಿಸಲು ಹೋದಾಗ ನಮ್ಮ ಕಡೆ ಮತ್ತೆ ಮತ್ತೆ ಕಿವಿಗೆ ಬೀಳುವ ಹೊಗಳಿಕೆಯೊಂದಿದೆ: ‘ಅಷ್ಟೊಂದು ನೋವಿದ್ದರೂ ಒಂದು ದಿನ ನರಳಲಿಲ್ಲ, ಪುಣ್ಯಾತ್ಗಿತ್ತಿ.’ ಹೇಳುವವರ ದನಿಯಲ್ಲಿ ನಿಜವಾದ ಗೌರವವಿರುತ್ತದೆ, ಕೇಳುವವರು ತಲೆದೂಗುತ್ತಾರೆ, ಮನೆಯವರಿಗೂ ಅದರಿಂದ ಒಂದಿಷ್ಟು ಸಮಾಧಾನ ಸಿಗುತ್ತದೆ. ಆ ಹೊತ್ತಿನಲ್ಲಿ ಅದನ್ನು ಪ್ರಶ್ನಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಪ್ರಶ್ನಿಸಲೂಬಾರದು. ಆದರೆ ಆ ಮಾತು ಸಾವಿನ ಮನೆಯಲ್ಲಿಯೇ ಮುಗಿದುಹೋಗುವುದಿಲ್ಲ. ಅದನ್ನು ಕೇಳುತ್ತ ಮೂಲೆಯಲ್ಲಿ ಕುಳಿತ ಇನ್ನೊಬ್ಬ ಹೆಂಗಸು, ನಾಳೆ ತನಗೆ ಕಾಯಿಲೆ ಬಂದರೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅಲ್ಲಿಯೇ ಕಲಿತುಕೊಳ್ಳುತ್ತಾಳೆ. ನರಳದಿರುವುದು ದೊಡ್ಡ ಗುಣವೆಂದಾದ ಮೇಲೆ ನರಳುವುದು ಸಣ್ಣತನವಾಗುತ್ತದೆ. ನೋವಿಗೆ ಔಷಧ ಕೊಡಿ ಎಂದು ಬಾಯಿಬಿಟ್ಟು ಕೇಳುವುದು ಅದಕ್ಕಿಂತಲೂ ಸಣ್ಣತನವಾಗುತ್ತದೆ.

ಕಷ್ಟಪಡುವುದರಲ್ಲಿಯೇ ಒಂದು ಪುಣ್ಯವಿದೆ, ನೋವು ಮನುಷ್ಯನನ್ನು ಶುದ್ಧಗೊಳಿಸುತ್ತದೆ ಎಂಬ ನಂಬಿಕೆಯ ಬಗ್ಗೆ ಸಾಮಾನ್ಯವಾಗಿ ಎಷ್ಟು ಬೇಕಾದರೂ ಚರ್ಚೆ ಮಾಡಬಹುದು. ಅಂಥ ಚರ್ಚೆಯಲ್ಲಿ ಎರಡೂ ಕಡೆಯವರು ಗೆಲ್ಲಬಹುದು. ಹಾಗಾಗಿ ನಾನು ಈ ನಂಬಿಕೆಯನ್ನು ಒಂದೇ ಜಾಗದಲ್ಲಿಟ್ಟು ನೋಡಲು ಬಯಸುತ್ತೇನೆ. ಕ್ಯಾನ್ಸರ್‌ನಂಥ ಕಾಯಿಲೆಯ ಕೊನೆಯ ತಿಂಗಳುಗಳ ನೋವು, ಹೆರಿಗೆಯ ನೋವು, ಶಸ್ತ್ರಚಿಕಿತ್ಸೆಯ ನೋವು, ಇವು ಯಾವುದೋ ಸಿದ್ಧಾಂತದ ಸಂಗತಿಗಳಲ್ಲ. ಇವುಗಳಿಗೆ ಔಷಧವಿದೆ, ಅದನ್ನು ಕೊಡುವ ವಿಧಾನ ಗೊತ್ತಿದೆ. ಆದರೂ ಕೋಟ್ಯಂತರ ಜನರಿಗೆ ಅದು ತಲುಪುವುದಿಲ್ಲ. ತಲುಪದಿರುವುದಕ್ಕೆ ಕಾನೂನು, ಹಣ, ತರಬೇತಿಯ ಕೊರತೆ ಎಲ್ಲವೂ ಕಾರಣ. ಆ ಕೊರತೆಗಳನ್ನು ನಾವು ಇಷ್ಟು ಕಾಲ ಸಹಿಸಿಕೊಂಡು ಬಂದದ್ದಕ್ಕೆ ಕಾರಣ ಮಾತ್ರ ಆ ನಂಬಿಕೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಔಷಧದ ಸಂಗತಿ. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಅನ್ನು ಗಸಗಸೆ ಗಿಡದ ಅಫೀಮಿನಿಂದ ತೆಗೆಯುತ್ತಾರೆ. ಸರ್ಕಾರದ ಪರವಾನಗಿಯೊಂದಿಗೆ ಅಫೀಮು ಬೆಳೆಯುವ ಜಗತ್ತಿನ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಮಧ್ಯಪ್ರದೇಶದ ನೀಮಚ್, ಮಂದಸೌರ್ ಮತ್ತು ರಾಜಸ್ಥಾನದ ಚಿತ್ತೋಡಗಢದ ಸುತ್ತಮುತ್ತ ಚಳಿಗಾಲದ ಕೊನೆಯಲ್ಲಿ ರೈತರು ಗಸಗಸೆಯ ಕಾಯಿಗಳನ್ನು ಗೀರಿ, ಒಸರಿದ ಹಾಲನ್ನು ಮರುದಿನ ಕೆರೆದು ತೆಗೆಯುತ್ತಾರೆ. ಅದು ನೀಮಚ್ ಮತ್ತು ಉತ್ತರಪ್ರದೇಶದ ಗಾಜೀಪುರದ ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತದೆ. ಗಾಜೀಪುರದ ಕಾರ್ಖಾನೆ 1820ರಿಂದಲೂ ಇದೆ. ಇಷ್ಟೆಲ್ಲ ಇದ್ದರೂ ನಮ್ಮ ಅಫೀಮು ದಶಕಗಳ ಕಾಲ ಹೆಚ್ಚಾಗಿ ಹೊರದೇಶಗಳಿಗೆ ರಫ್ತಾಯಿತು. ಇಲ್ಲಿ ಉಳಿದದ್ದರಲ್ಲಿ ಬಹುಪಾಲು ಕೆಮ್ಮಿನ ಔಷಧಕ್ಕೆ ಬೇಕಾದ ಕೊಡೀನ್ ಆಯಿತು. ನೋವು ಶಮನದ ಬಗ್ಗೆ ಅಧ್ಯಯನ ನಡೆಸಿದ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗವು 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಭಾರತದ ರೋಗಿಗಳಿಗೆ ಸಿಗುತ್ತಿದ್ದ ಮಾರ್ಫಿನ್ ಬಗೆಯ ನೋವಿನ ಔಷಧ ಅವರ ಅಗತ್ಯದ ಶೇಕಡ 4ರಷ್ಟು ಮಾತ್ರ. ಗಿಡ ನಮ್ಮದು, ಬೆಳೆಯುವ ರೈತರು ನಮ್ಮವರು, ಕಾರ್ಖಾನೆ ನಮ್ಮದು. ನೋವಿನಲ್ಲಿ ಒದ್ದಾಡಿ ಸಾಯುವವರೂ ನಮ್ಮವರೇ.

ಇದಕ್ಕೆ ಮೊದಲ ಕಾರಣವಾಗಿ ಎಲ್ಲರೂ ತೋರಿಸುವುದು 1985ರ ಎನ್‌ಡಿಪಿಎಸ್ ಕಾಯ್ದೆಯನ್ನು. ಮಾದಕ ವಸ್ತುಗಳ ಕಳ್ಳಸಾಗಣೆಯನ್ನು ತಡೆಯಲೆಂದು ಬಂದ ಈ ಕಾಯ್ದೆಯಲ್ಲಿ ಕನಿಷ್ಠ ಹತ್ತು ವರ್ಷಗಳ ಜೈಲು ಶಿಕ್ಷೆಯಿತ್ತು. ಆಸ್ಪತ್ರೆಯೊಂದು ಮಾರ್ಫಿನ್ ಮಾತ್ರೆ ಇಟ್ಟುಕೊಳ್ಳಬೇಕಾದರೆ ಅಬಕಾರಿ ಮತ್ತು ಔಷಧ ನಿಯಂತ್ರಣ ಇಲಾಖೆಗಳಿಂದ ಹಲವು ಪರವಾನಗಿಗಳನ್ನು ಪಡೆಯಬೇಕಿತ್ತು; ಒಂದೊಂದರ ಅವಧಿಯೂ ಬೇರೆ ಬೇರೆ. ಕೊನೆಯ ಪರವಾನಗಿ ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾದರೂ ಜೈಲಿಗೆ ಹೋಗಬೇಕಾದೀತು ಎಂಬ ಹೆದರಿಕೆಯಿಂದ ಔಷಧ ಅಂಗಡಿಗಳೂ ಆಸ್ಪತ್ರೆಗಳೂ ಮಾರ್ಫಿನ್ ತರಿಸುವುದನ್ನೇ ನಿಲ್ಲಿಸಿದವು. 1997ರ ಹೊತ್ತಿಗೆ ಇಡೀ ದೇಶದಲ್ಲಿ ಒಂದು ವರ್ಷಕ್ಕೆ ಬಳಕೆಯಾದ ಮಾರ್ಫಿನ್ ಕೇವಲ 18 ಕಿಲೋ. ಒಂದು ತಲೆಮಾರಿನ ವೈದ್ಯರು ಮಾರ್ಫಿನ್ ಮಾತ್ರೆಯನ್ನು ಕಣ್ಣಿನಿಂದ ನೋಡದೆಯೇ ಪದವಿ ಪಡೆದು ಹೊರಬಂದರು. ನೋವು ಶಮನಕ್ಕಾಗಿ ದುಡಿದ ವೈದ್ಯರು, ಅವರಲ್ಲಿ ಮುಖ್ಯವಾಗಿ ಕೇರಳದ ಡಾ. ಎಂ.ಆರ್. ರಾಜಗೋಪಾಲ್, ವರ್ಷಗಟ್ಟಲೆ ಕಚೇರಿಗಳನ್ನೂ ನ್ಯಾಯಾಲಯವನ್ನೂ ಅಲೆದ ಮೇಲೆ 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಮಾರ್ಫಿನ್ ಸೇರಿದಂತೆ ಆರು ಔಷಧಗಳು ‘ಅವಶ್ಯಕ’ ಎಂಬ ಪಟ್ಟಿಗೆ ಸೇರಿದವು. ಮಾನ್ಯತೆ ಪಡೆದ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಒಂದು ಅನುಮತಿ ಸಾಕು ಎಂದಾಯಿತು.

ಅದಾಗಿ ಹತ್ತು ವರ್ಷ ಕಳೆದಿದೆ. ಎಷ್ಟೋ ಜಿಲ್ಲೆಗಳಲ್ಲಿ ಈಗಲೂ ಮಾರ್ಫಿನ್ ಮಾತ್ರೆ ಬೇಕೆಂದರೆ ದೂರದ ದೊಡ್ಡ ಊರಿಗೆ ಬಸ್ಸು ಹತ್ತಬೇಕು. ಕಾನೂನಿನ ಬೀಗ ತೆಗೆದ ಮೇಲೂ ಬಾಗಿಲು ತೆರೆಯಲು ಯಾರೂ ಮುಂದೆ ಬರದಿದ್ದರೆ, ಒಳಗೆ ಇರುವವರ ಕೂಗು ನಮಗೆ ಸಹಜವೆನಿಸಿಬಿಟ್ಟಿದೆ ಎಂದೇ ಅರ್ಥ. ರಸ್ತೆಯಿಲ್ಲವೆಂದು, ನೀರಿಲ್ಲವೆಂದು, ಹಾಸಿಗೆಯಿಲ್ಲವೆಂದು ಜನ ಆಸ್ಪತ್ರೆಯ ಮುಂದೆ, ಕಚೇರಿಯ ಮುಂದೆ ಕೂಗಾಡಿದ್ದನ್ನು ನಾನು ಕಂಡಿದ್ದೇನೆ. ನೋವಿಗೆ ಔಷಧವಿಲ್ಲವೆಂದು ಕೂಗಾಡಿದವರನ್ನು ಕಂಡಿಲ್ಲ. ಅದು ಕೇಳಿ ಪಡೆಯಬೇಕಾದ ವಸ್ತುವೆಂದು ನಮಗೆ ಅನ್ನಿಸಿಯೇ ಇಲ್ಲ.

ನನ್ನ ದೊಡ್ಡಮ್ಮನನ್ನು ನೆನೆದು ಹೇಳುತ್ತೇನೆ. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ತುಂಬಿದ ಮನೆಯನ್ನು ನಡೆಸಿದವರು. ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾದಾಗ ಅದು ಬೆನ್ನುಮೂಳೆಗೂ ಹರಡಿತ್ತು. ಆಸ್ಪತ್ರೆಯವರು ‘ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂದು ಹೇಳಿ, ಜ್ವರಕ್ಕೂ ತಲೆನೋವಿಗೂ ಕೊಡುವ ಮಾತ್ರೆಗಳ ಒಂದು ಚೀಟಿ ಬರೆದುಕೊಟ್ಟಿದ್ದರು. ರಾತ್ರಿ ಹೊತ್ತು ಅವರು ಸೆರಗನ್ನು ಬಾಯಿಗೆ ತುರುಕಿಕೊಂಡು ಮಲಗುತ್ತಿದ್ದರು, ಮಕ್ಕಳಿಗೆ ಎಚ್ಚರವಾಗಬಾರದೆಂದು. ನೋಡಲು ಬಂದವರು ‘ಸ್ವಲ್ಪ ತಡ್ಕೊಳ್ಳಿ ಅಕ್ಕಾ, ದೇವರಿದ್ದಾನೆ’ ಎನ್ನುತ್ತಿದ್ದರು. ದೊಡ್ಡಮ್ಮ ನಗುತ್ತಿದ್ದರು. ಒಮ್ಮೆ, ಯಾರೂ ಇಲ್ಲದಿದ್ದಾಗ, ನನ್ನ ಕೈ ಹಿಡಿದು ‘ಯಾವ ಜನ್ಮದ ಪಾಪವೋ ಮಗಾ, ಇಲ್ಲೇ ತೀರಿಹೋಗಲಿ, ಮಕ್ಕಳಿಗೆ ಉಳಿಯೋದು ಬೇಡ’ ಎಂದರು. ಈ ಮಾತನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಅವರು ತಮ್ಮ ನೋವನ್ನು ಮಕ್ಕಳ ಪರವಾಗಿ ತೀರಿಸುವ ಸಾಲವೆಂದು ಭಾವಿಸಿದ್ದರು. ಹಾಗೆ ಭಾವಿಸಿದವರು ಔಷಧವನ್ನು ಹೇಗೆ ಕೇಳಿಯಾರು? ಕೇಳಿದರೆ ಸಾಲ ತೀರದೆ ಉಳಿದಂತಾಗುವುದಿಲ್ಲವೇ? ಹನ್ನೊಂದನೆಯ ದಿನ ಊರಿಗೆ ಊರೇ ಅವರನ್ನು ಹೊಗಳಿತು, ಮೊದಲು ಹೇಳಿದ ಅದೇ ಮಾತಿನಲ್ಲಿ. ದೊಡ್ಡಮ್ಮನ ಗಟ್ಟಿತನದ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ಆ ಗಟ್ಟಿತನ ನೋವಿನಿಂದ ಬಂದದ್ದಲ್ಲ, ಅದಕ್ಕೂ ಮೊದಲೇ ಅವರಲ್ಲಿತ್ತು. ನೋವು ಅದನ್ನು ರಾತ್ರಿ ರಾತ್ರಿ ತಿಂದುಹಾಕಿತು. ಸಂಜೆಗಳಲ್ಲಿ ಮೊಮ್ಮಕ್ಕಳಿಗೆ ಕತೆ ಹೇಳುತ್ತಿದ್ದವರು ಕೊನೆಯ ವಾರಗಳಲ್ಲಿ ಆ ಮಕ್ಕಳು ಹತ್ತಿರ ಬಂದರೆ ಹಾಸಿಗೆ ಅಲುಗಾಡೀತೆಂದು ಹೆದರುತ್ತಿದ್ದರು.

ನೋವು ಶರೀರಕ್ಕೆ ಏನು ಮಾಡುತ್ತದೆ ಎಂಬುದನ್ನು ತಿಳಿದವರು ಅದನ್ನು ಶುದ್ಧಿಯ ದಾರಿಯೆಂದು ಕರೆಯಲಾರರು. ಬೆರಳು ಸುಟ್ಟಾಗ ಕೈ ಹಿಂದಕ್ಕೆ ಬರುವಂತೆ ಮಾಡುವ ನೋವಿಗೆ ಒಂದು ಕೆಲಸವಿದೆ. ಅಪಾಯವನ್ನು ತಿಳಿಸಿದ ಮೇಲೆ ಅದರ ಕೆಲಸ ಮುಗಿಯಿತು. ತಿಂಗಳುಗಟ್ಟಲೆ ಬಿಡದೆ ಕಾಡುವ ನೋವಿಗೆ ಅಂಥ ಯಾವ ಉಪಯೋಗವೂ ಇಲ್ಲ. ಅದು ನಿದ್ದೆಯನ್ನು ಕೆಡಿಸುತ್ತದೆ, ಹಸಿವನ್ನು ಕೊಲ್ಲುತ್ತದೆ, ಮನಸ್ಸನ್ನು ಕುಗ್ಗಿಸುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ನೋವು ಶಮನವಾಗದಿದ್ದರೆ ಅವರು ಆಳವಾಗಿ ಉಸಿರೆಳೆಯಲು, ಕೆಮ್ಮಲು ಹೆದರುತ್ತಾರೆ. ಕಫ ಕಟ್ಟಿ ಶ್ವಾಸಕೋಶದ ಸೋಂಕಾಗುತ್ತದೆ. ಎದ್ದು ಓಡಾಡದೆ ಮಲಗಿದವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬಹುಕಾಲ ಚಿಕಿತ್ಸೆಯಿಲ್ಲದೆ ಉಳಿದ ನೋವಿನಿಂದ ನರಮಂಡಲವೇ ಹೆಚ್ಚು ಸೂಕ್ಷ್ಮವಾಗಿ, ಮೊದಲು ನೋಯದಿದ್ದ ಸ್ಪರ್ಶವೂ ನೋಯತೊಡಗುತ್ತದೆ. ತಡೆದುಕೊಳ್ಳುತ್ತ ಹೋದರೆ ತಡೆಯುವ ಶಕ್ತಿ ಬೆಳೆಯುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ಶರೀರದಲ್ಲಿ ಎಷ್ಟೋ ಸಲ ನಡೆಯುವುದು ಇದಕ್ಕೆ ತದ್ವಿರುದ್ಧ.

ಹೆರಿಗೆಯ ಕೋಣೆಯಲ್ಲಿ ಈ ನಂಬಿಕೆಗೆ ಇನ್ನೂ ಒರಟಾದ ಮುಖವಿದೆ. ಹೆರಿಗೆ ಬೇನೆ ತಿಂದವಳೇ ತಾಯಿ, ಆ ನೋವಿನಿಂದಲೇ ಮಗುವಿನ ಮೇಲೆ ಮಮತೆ ಹುಟ್ಟುತ್ತದೆ ಎಂದು ನಮ್ಮಲ್ಲಿ ಎಷ್ಟೋ ಮಂದಿ ನಂಬುತ್ತಾರೆ. ಸಿಸೇರಿಯನ್ ಆದವಳಿಗೆ ‘ನಿನಗೇನು ಗೊತ್ತು ಬೇನೆ’ ಎನ್ನುವವರು ಮನೆಯಲ್ಲಿಯೇ ಇರುತ್ತಾರೆ. ಬೇನೆಯಲ್ಲಿ ಕೂಗುವವಳನ್ನು ಗದರಿಸುವುದು, ಕೆಲವೊಮ್ಮೆ ತೊಡೆಯ ಮೇಲೆ ಹೊಡೆಯುವುದು ಹೆರಿಗೆ ವಾರ್ಡುಗಳಲ್ಲಿ ಹೊಸ ಸಂಗತಿಯಲ್ಲ ಎಂಬುದನ್ನು ಅಲ್ಲಿ ಮಲಗಿ ಬಂದ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಇದು ನಮ್ಮ ದೇಶದ ರೋಗ ಮಾತ್ರವಲ್ಲ. 1847ರ ನವೆಂಬರಿನಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಬಳಸಿದಾಗ, ಹೆಣ್ಣು ನೋವಿನಿಂದಲೇ ಹೆರಬೇಕೆಂಬ ಬೈಬಲ್ಲಿನ ಮಾತನ್ನು ಮುಂದಿಟ್ಟುಕೊಂಡು ಆಕ್ಷೇಪಣೆ ಎತ್ತುವವರಿದ್ದರು. ಸಿಂಪ್ಸನ್ ಅದೇ ಗ್ರಂಥದಿಂದ ಉತ್ತರ ಕೊಟ್ಟ: ಆದಾಮನ ಪಕ್ಕೆಲುಬು ತೆಗೆಯುವ ಮೊದಲು ದೇವರೇ ಅವನಿಗೆ ಗಾಢನಿದ್ದೆ ಬರಿಸಿದನಲ್ಲ ಎಂದು. ನನಗೆ ಹೆಚ್ಚು ಆಶ್ಚರ್ಯ ಹುಟ್ಟಿಸುವುದು ಧರ್ಮದ ಆಕ್ಷೇಪಣೆಗಿಂತ ವೈದ್ಯರ ಆಕ್ಷೇಪಣೆ. ಫಿಲಡೆಲ್ಫಿಯಾದ ಹೆಸರಾಂತ ಪ್ರಸೂತಿ ವೈದ್ಯ ಚಾರ್ಲ್ಸ್ ಮೀಗ್ಸ್, ಹೆರಿಗೆಯ ನೋವು ಜೀವಶಕ್ತಿಯ ಹಿತಕರವಾದ, ಇರಲೇಬೇಕಾದ ಲಕ್ಷಣವೆಂದು ವಾದಿಸಿದ. ಒಮ್ಮೆಯೂ ಆ ನೋವನ್ನು ಅನುಭವಿಸಲಾರದ ಗಂಡಸೊಬ್ಬ ಅದರ ಒಳ್ಳೆಯತನದ ಬಗ್ಗೆ ಅಷ್ಟು ಖಚಿತವಾಗಿದ್ದ. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಮಗುವಿನ ಹೆರಿಗೆಯಲ್ಲಿ ಡಾ. ಜಾನ್ ಸ್ನೋ ಕೈಯಿಂದ ಕ್ಲೋರೋಫಾರ್ಮ್ ತೆಗೆದುಕೊಂಡ ಮೇಲೆ ವಾದ ಮೆಲ್ಲಗೆ ತಣ್ಣಗಾಯಿತು. ನೋವಿನ ಮಹಿಮೆ ಹೆಚ್ಚಾಗಿ ಬಡವರಿಗೂ ಹೆಂಗಸರಿಗೂ ಮೀಸಲು; ಅಧಿಕಾರವಿರುವವರು ಬೇಡವೆಂದ ದಿನ ಅದು ಸುಮ್ಮನಾಗುತ್ತದೆ.

ಬಾಯಿಲ್ಲದವರ ವಿಷಯದಲ್ಲಿ ಇದೇ ಮನೋಭಾವ ಬೇರೆ ವೇಷದಲ್ಲಿ ಬರುತ್ತದೆ. 1980ರ ದಶಕದವರೆಗೂ ಪಾಶ್ಚಾತ್ಯ ದೇಶಗಳ ಅತ್ಯುತ್ತಮ ಆಸ್ಪತ್ರೆಗಳಲ್ಲಿಯೂ ನವಜಾತ ಶಿಶುಗಳಿಗೆ, ಅದರಲ್ಲಿಯೂ ತಿಂಗಳು ತುಂಬುವ ಮೊದಲೇ ಹುಟ್ಟಿದವುಗಳಿಗೆ, ಹೃದಯದ ಬಳಿ ಶಸ್ತ್ರಚಿಕಿತ್ಸೆ ಮಾಡುವಾಗ ಎಷ್ಟೋ ಸಲ ನೋವಿನ ಔಷಧ ಕೊಡುತ್ತಿರಲಿಲ್ಲ. ಅಲುಗಾಡದಂತೆ ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುವ ಔಷಧವನ್ನು ಮಾತ್ರ ಕೊಡುತ್ತಿದ್ದರು. ಶಿಶುವಿನ ನರಮಂಡಲ ಇನ್ನೂ ಬಲಿತಿರುವುದಿಲ್ಲ, ಅದಕ್ಕೆ ನೋವು ತಿಳಿಯುವುದಿಲ್ಲ, ತಿಳಿದರೂ ನೆನಪಿರುವುದಿಲ್ಲ ಎಂಬುದು ಸಮರ್ಥನೆ. ಭಾರತದಿಂದ ಆಕ್ಸ್‌ಫರ್ಡ್‌ಗೆ ಹೋಗಿದ್ದ ಯುವ ವೈದ್ಯ ಕನ್ವಲ್‌ಜೀತ್ ಆನಂದ್, ಶಸ್ತ್ರಚಿಕಿತ್ಸೆ ಮುಗಿಸಿ ಮರಳಿ ಬರುವ ಶಿಶುಗಳ ಸ್ಥಿತಿ ಏಕೆ ಅಷ್ಟು ಹದಗೆಟ್ಟಿರುತ್ತದೆ ಎಂದು ಯೋಚಿಸಿದರು. 1987ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಅಧ್ಯಯನ, ಫೆಂಟನಿಲ್ ಎಂಬ ನೋವು ನಿವಾರಕ ಕೊಟ್ಟ ಶಿಶುಗಳ ದೇಹದಲ್ಲಿ ಆಘಾತದ ಲಕ್ಷಣಗಳು ಬಹಳ ಕಡಿಮೆಯೆಂದೂ ಚೇತರಿಕೆಯಲ್ಲಿ ತೊಡಕುಗಳು ಕಡಿಮೆಯೆಂದೂ ತೋರಿಸಿತು. ಆಮೇಲೆ ಪದ್ಧತಿ ಬದಲಾಯಿತು. ಸಹಿಸುವವರನ್ನು ಹೊಗಳುವುದೂ, ಹೇಳಲಾರದವರಿಗೆ ನೋವೇ ಇಲ್ಲವೆನ್ನುವುದೂ ಕೊನೆಗೆ ಒಂದೇ ಕೆಲಸ ಮಾಡುತ್ತವೆ. ಎರಡೂ ಪಕ್ಕದಲ್ಲಿ ನಿಂತವನ ಹೊಣೆಯನ್ನು ಇಳಿಸಿಬಿಡುತ್ತವೆ.

ಸೇವೆಯ ಹೆಸರಿನಲ್ಲಿಯೂ ಇದು ನಡೆಯಬಹುದು ಎಂಬುದಕ್ಕೆ ಕೋಲ್ಕತ್ತಾದ ಕಾಳಿಘಾಟ್ ಒಂದು ನಿದರ್ಶನ. 1952ರಲ್ಲಿ ಮದರ್ ತೆರೇಸಾ ಅಲ್ಲಿ ಆರಂಭಿಸಿದ ನಿರ್ಮಲ ಹೃದಯ, ಬೀದಿಯಲ್ಲಿ ಸಾಯಲಿದ್ದವರಿಗೆ ತಲೆಯ ಮೇಲೆ ಸೂರು, ಒಂದು ಚಾಪೆ, ತುತ್ತು ಅನ್ನ, ಮೈ ತೊಳೆಯುವ ಕೈ ಕೊಟ್ಟಿತು. ಬೇರೆ ಯಾರೂ ಅವರನ್ನು ಮುಟ್ಟಲೂ ಸಿದ್ಧರಿಲ್ಲದ ಕಾಲದಲ್ಲಿ ಅದು ಸಣ್ಣ ಕೆಲಸವಲ್ಲ. ಆದರೆ 1994ರಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಲ್ಯಾನ್ಸೆಟ್ ಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್, ಸಾಯುತ್ತಿರುವವರಿಗೆಂದೇ ಇರುವ ಆ ಮನೆಯಲ್ಲಿ ತೀವ್ರ ನೋವಿಗೆ ಕೊಡುವ ಔಷಧವೇ ಇಲ್ಲದ್ದನ್ನು ಕಂಡು ಬರೆದ. ಆಗ ಎನ್‌ಡಿಪಿಎಸ್ ಕಾಯ್ದೆಯ ಅಡ್ಡಿ ಇತ್ತೆಂಬುದು ನಿಜ. ಆದರೂ ಜಗತ್ತಿನ ಗೌರವವನ್ನೆಲ್ಲ ಗಳಿಸಿದ್ದ ಆ ಸಂಸ್ಥೆ ಔಷಧಕ್ಕಾಗಿ ಪಟ್ಟು ಹಿಡಿದಿದ್ದರೆ ಯಾವ ಸರ್ಕಾರ ಇಲ್ಲವೆನ್ನುತ್ತಿತ್ತು? ಬಡವರ ಸಂಕಟದಲ್ಲಿ ಕ್ರಿಸ್ತನ ಸಂಕಟವನ್ನು ಕಾಣುವ ಭಕ್ತಿ, ಆ ಸಂಕಟವನ್ನು ತೆಗೆದುಹಾಕುವ ಆತುರವನ್ನು ಕಡಿಮೆ ಮಾಡಿತೆಂದೇ ನನಗೆ ಅನ್ನಿಸುತ್ತದೆ. ಇದನ್ನು ಕ್ರೈಸ್ತ ಧರ್ಮದ ತಲೆಗೆ ಕಟ್ಟಲೂ ಆಗದು. ನೋವು ಶಮನಕ್ಕಾಗಿ ಔಷಧ ಕೊಡಬಹುದು, ಅದರಿಂದ ಆಯುಷ್ಯ ಒಂದಿಷ್ಟು ಕಡಿಮೆಯಾಗುವ ಸಂಭವವಿದ್ದರೂ ಕೊಡಬಹುದು ಎಂದು ಪೋಪ್ ಹನ್ನೆರಡನೆಯ ಪಯಸ್ 1957ರಲ್ಲಿಯೇ ಅರಿವಳಿಕೆ ವೈದ್ಯರ ಮುಂದೆ ಸ್ಪಷ್ಟವಾಗಿ ಹೇಳಿದ್ದರು.

ನಮ್ಮ ಪರಂಪರೆಯೂ ನೋವನ್ನು ಪೂಜಿಸಲು ಹೇಳಿಲ್ಲ. ಬುದ್ಧ ಎಲುಬು ಕಾಣುವವರೆಗೆ ಉಪವಾಸವಿದ್ದು, ಅದರಿಂದ ಏನೂ ದೊರೆಯದೆಂದು ಕಂಡು ಅನ್ನ ತೆಗೆದುಕೊಂಡ. ಗೀತೆಯ ಹದಿನೇಳನೆಯ ಅಧ್ಯಾಯ, ಮೂಢಹಟದಿಂದ ತನ್ನನ್ನೇ ಪೀಡಿಸಿಕೊಂಡು ಮಾಡುವ ತಪಸ್ಸನ್ನು ತಾಮಸವೆಂದು ಕರೆಯುತ್ತದೆ. ಹುತ್ತವನ್ನು ಬಡಿದ ಮಾತ್ರಕ್ಕೆ ಒಳಗಿನ ಹಾವು ಸಾಯುವುದಿಲ್ಲ ಎಂದು ಬಸವಣ್ಣನವರು ಘೋರ ತಪಸ್ಸಿನ ವ್ಯರ್ಥತೆಯನ್ನು ತೋರಿಸಿದರು. ಹಾಗಾದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ತುಂಬ ಇರುವ ನಿಸಿದಿ ಶಾಸನಗಳನ್ನು ಏನೆನ್ನಬೇಕು ಎಂದು ಯಾರಾದರೂ ಕೇಳಬಹುದು. ಸಲ್ಲೇಖನದಿಂದ, ಅಂದರೆ ಅನ್ನನೀರು ಬಿಡುತ್ತ ಸಾವನ್ನು ಎದುರುಗೊಳ್ಳುವ ಜೈನ ವ್ರತದಿಂದ, ದೇಹ ಬಿಟ್ಟ ನೂರಾರು ಮುನಿಗಳ, ಕಂತಿಯರೆಂಬ ಸನ್ಯಾಸಿನಿಯರ, ಶ್ರಾವಕರ ನೆನಪು ಅಲ್ಲಿನ ಬಂಡೆಗಳ ಮೇಲಿದೆ. ನಾನು ಜೈನಳಲ್ಲ, ಆದರೂ ಆ ಬೆಟ್ಟದ ಮೇಲೆ ನಿಂತಾಗ ನನಗೆ ಉಂಟಾದದ್ದು ಗೌರವವೇ. ಆ ವ್ರತದ ನಿಯಮಗಳನ್ನು ಓದಿದರೆ ಅದರಲ್ಲಿ ನೋವಿನ ಆರಾಧನೆ ಕಾಣುವುದಿಲ್ಲ. ಪ್ರಾಚೀನ ಜೈನ ಗ್ರಂಥಕಾರರಾದ ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ ಅವಕಾಶವಿರುವ ಸಂದರ್ಭಗಳನ್ನು ಹೇಳುವಾಗ ಆಪತ್ತು, ಬರಗಾಲ, ಮುಪ್ಪುಗಳ ಜೊತೆಗೆ ರೋಗವನ್ನೂ ಸೇರಿಸುತ್ತಾರೆ, ಆದರೆ ಅವೆಲ್ಲಕ್ಕೂ ಪರಿಹಾರವೇ ಇಲ್ಲ ಎಂಬ ಷರತ್ತಿನೊಂದಿಗೆ. ಬೇಗ ಸಾಯಬೇಕೆಂದು ಬಯಸುವುದೂ ಆ ವ್ರತದಲ್ಲಿ ದೋಷವೇ. ಅಲ್ಲಿ ವ್ರತ ತೆಗೆದುಕೊಳ್ಳುವವರು ತಾವಾಗಿಯೇ ಕೇಳಿ, ಗುರುವಿನ ಒಪ್ಪಿಗೆ ಪಡೆದು, ತಿಳಿದು ಮಾಡುತ್ತಾರೆ. ಔಷಧ ಇದೆಯೆಂದೇ ಗೊತ್ತಿಲ್ಲದ, ಗೊತ್ತಿದ್ದರೂ ಕೇಳಲು ನಾಚುವ ರೋಗಿಯ ನೋವಿಗೆ ಆ ವ್ರತದ ಗೌರವವನ್ನು ತೊಡಿಸುವುದು ವ್ರತಕ್ಕೂ ಅನ್ಯಾಯ, ರೋಗಿಗೂ ಅನ್ಯಾಯ.

ಕಷ್ಟವೇ ಮನುಷ್ಯನನ್ನು ಗಟ್ಟಿ ಮಾಡುತ್ತದೆ, ಕಷ್ಟಪಟ್ಟವರೇ ಮೇಲೆ ಬರುತ್ತಾರೆ ಎಂಬ ಮಾತು ಇದರ ಪಕ್ಕದಲ್ಲಿಯೇ ಬರುತ್ತದೆ. ಬೀದಿದೀಪದ ಕೆಳಗೆ ಓದಿ ಅಧಿಕಾರಿಯಾದವರ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಅದೇ ದೀಪದ ಕೆಳಗೆ ಓದಿ, ಕಣ್ಣು ಕೆಟ್ಟು, ಹತ್ತನೆಯ ತರಗತಿಯಲ್ಲಿ ಫೇಲಾಗಿ ಕೂಲಿಗೆ ಹೋದವರ ಕತೆಯನ್ನು ಯಾರೂ ವೇದಿಕೆಗೆ ಕರೆದು ಹೇಳಿಸುವುದಿಲ್ಲ. ಗೆದ್ದವರು ತಮ್ಮ ಕಷ್ಟಕ್ಕೆ ಅರ್ಥ ಕೊಡಲು ಬಯಸುವುದು ಸಹಜ, ಆ ಅರ್ಥ ಅವರ ಸ್ವಂತದ್ದು. ಅದನ್ನು ತೆಗೆದು ಇತರರ ಮಕ್ಕಳಿಗೆ ದೀಪ ಕೊಡದಿರಲು ಕಾರಣವಾಗಿ ಬಳಸಬಾರದು. ದುಡಿಮೆಗೂ ಸಂಕಟಕ್ಕೂ ಇರುವ ವ್ಯತ್ಯಾಸವನ್ನು ಹೊಲದಲ್ಲಿ ದುಡಿದವರು ಚೆನ್ನಾಗಿ ಬಲ್ಲರು. ಬೆವರು ಸುರಿಸಿ ಬೆಳೆ ತೆಗೆದವನು ಹೆಮ್ಮೆಪಡುತ್ತಾನೆ. ಮುರಿದ ಕಾಲಿನಲ್ಲಿ ಉಳುವುದನ್ನು ಯಾವ ರೈತನೂ ಹೆಮ್ಮೆಯೆನ್ನುವುದಿಲ್ಲ.

ಮಾರ್ಫಿನ್ ಎಂದೊಡನೆ ಬರುವ ಇನ್ನೊಂದು ಹೆದರಿಕೆ ಚಟದ್ದು. ಅದು ಆಧಾರವಿಲ್ಲದ ಹೆದರಿಕೆಯಲ್ಲ. 1996ರಲ್ಲಿ ಮಾರ್ಫಿನ್ ಬಳಗದ ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು ಅಮೆರಿಕದ ಮಾರುಕಟ್ಟೆಗೆ ಬಿಟ್ಟ ಪರ್ಡ್ಯೂ ಕಂಪನಿ, ಅದರಿಂದ ಚಟ ಹತ್ತುವುದು ಬಹಳ ಅಪರೂಪವೆಂದು ಪ್ರಚಾರ ಮಾಡಿ, ಬೆನ್ನುನೋವಿನಂಥ ದೀರ್ಘಕಾಲದ ತೊಂದರೆಗಳಿಗೂ ಧಾರಾಳವಾಗಿ ಬರೆಯಿಸಿತು. 2007ರಲ್ಲಿಯೂ 2020ರಲ್ಲಿಯೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಲ್ಲಿ ಆದ ಸಾವುನೋವುಗಳನ್ನು ಮರೆಯುವಂತಿಲ್ಲ. ಆದರೆ ಲಾಭಕ್ಕಾಗಿ ಔಷಧವನ್ನು ಸುರಿದ ದೇಶದ ತಪ್ಪಿಗೆ ಪರಿಹಾರವಾಗಿ, ಔಷಧವೇ ಸಿಗದ ದೇಶದ ಕ್ಯಾನ್ಸರ್ ರೋಗಿಯನ್ನು ಒದ್ದಾಡಲು ಬಿಡುವುದು ನ್ಯಾಯವಲ್ಲ. ತರಬೇತಿ ಪಡೆದ ವೈದ್ಯರ ಕೈಯಲ್ಲಿ, ನೋವಿಗೆ ತಕ್ಕಷ್ಟು ಅಳೆದು ಕೊಟ್ಟ ಮಾರ್ಫಿನ್ ಕ್ಯಾನ್ಸರ್ ರೋಗಿಗೆ ಮತ್ತನ್ನಲ್ಲ, ಎದ್ದು ಕೂತು ಊಟ ಮಾಡುವ, ಮಾತನಾಡುವ ಶಕ್ತಿಯನ್ನು ಮರಳಿ ಕೊಡುತ್ತದೆ.

ಇದನ್ನು ಕಣ್ಣಾರೆ ಕಂಡವರು ನಮ್ಮ ನೆರೆಯಲ್ಲಿಯೇ ಇದ್ದಾರೆ. 1993ರಲ್ಲಿ ಕೋಳಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಡಾ. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಮತ್ತಿತರರು ಸಣ್ಣದಾಗಿ ಆರಂಭಿಸಿದ ನೋವು ಶಮನದ ಕ್ಲಿನಿಕ್, ಊರೂರಿನ ಸ್ವಯಂಸೇವಕರನ್ನು ಸೇರಿಸಿಕೊಂಡು ಕೇರಳದಾದ್ಯಂತ ಹರಡಿತು. 2008ರಲ್ಲಿ ಆ ರಾಜ್ಯ ಉಪಶಮನ ಆರೈಕೆಗೆಂದೇ (ಪ್ಯಾಲಿಯೇಟಿವ್ ಕೇರ್) ಒಂದು ನೀತಿಯನ್ನು ತಂದಿತು. ಬೆಂಗಳೂರಿನ ಮಾರತ್ತಹಳ್ಳಿಯ ಬಳಿ 1999ರಿಂದ ಕರುಣಾಶ್ರಯವಿದೆ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಈ ಎಲ್ಲ ಕೆಲಸದ ಹಿಂದೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆ ಮನೆಯನ್ನು ತೆರೆದ ಸಿಸಿಲಿ ಸಾಂಡರ್ಸ್ ಅವರ ಅರಿವಿದೆ. ನರ್ಸ್ ಆಗಿ, ಸಮಾಜ ಕಾರ್ಯಕರ್ತೆಯಾಗಿ, ಆಮೇಲೆ ವೈದ್ಯೆಯಾಗಿ ದುಡಿದ ಆಕೆ ಒಂದು ಸರಳ ಸಂಗತಿಯನ್ನು ಗಮನಿಸಿದ್ದರು. ನೋವು ಬಂದ ಮೇಲೆ ರೋಗಿ ಬೇಡಿದಾಗ ಔಷಧ ಕೊಟ್ಟರೆ ಅವನು ದಿನವಿಡೀ ನೋವನ್ನೂ ಔಷಧವನ್ನೂ ಎದುರು ನೋಡುತ್ತ ಇರುತ್ತಾನೆ. ಗಡಿಯಾರ ನೋಡಿಕೊಂಡು, ಹಿಂದಿನ ಮಾತ್ರೆಯ ಬಲ ಇಳಿಯುವ ಮೊದಲೇ ಮುಂದಿನದನ್ನು ಕೊಟ್ಟರೆ ಬೇಡುವ ಪ್ರಸಂಗವೇ ಬರುವುದಿಲ್ಲ. ಮನಸ್ಸಿನ ಭಯ, ಮನೆಯ ಹಣದ ಚಿಂತೆ, ‘ನನಗೇಕೆ ಹೀಗಾಯಿತು’ ಎಂಬ ಪ್ರಶ್ನೆ ಎಲ್ಲವೂ ನೋವಿನೊಳಗೇ ಸೇರಿವೆ ಎಂದೂ ಆಕೆ ಹೇಳಿದರು. ನನ್ನ ದೊಡ್ಡಮ್ಮನ ಪಾಪದ ಮಾತನ್ನು ಯಾರಾದರೂ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದರೆ ಅದೂ ಚಿಕಿತ್ಸೆಯೇ ಆಗುತ್ತಿತ್ತು.

ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ ‘ನೋವಿದೆಯಾ’ ಎಂದಷ್ಟೇ ಕೇಳಬೇಡಿ, ಇಲ್ಲವೆಂಬ ಉತ್ತರವೇ ಬರುತ್ತದೆ. ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು, ಯಾವ ಮಗ್ಗುಲಿಗೆ ತಿರುಗಲು ಆಗುತ್ತಿಲ್ಲ, ಸೊನ್ನೆಯಿಂದ ಹತ್ತರವರೆಗೆ ಎಣಿಸಿದರೆ ಈಗಿನ ನೋವು ಎಷ್ಟನೆಯದು ಎಂದು ಕೇಳಿ, ಬಂದ ಉತ್ತರವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ಮಾಡುವಂಥದ್ದು ಏನೂ ಇಲ್ಲವೆಂದು ವೈದ್ಯರು ಹೇಳಿದರೆ, ಉಪಶಮನ ಆರೈಕೆಯ ವಿಭಾಗ ಹತ್ತಿರದಲ್ಲಿ ಎಲ್ಲಿದೆ, ಮಾರ್ಫಿನ್ ಕೊಡಲು ಮಾನ್ಯತೆ ಪಡೆದ ಆಸ್ಪತ್ರೆ ಯಾವುದು ಎಂದು ಅಲ್ಲಿಯೇ, ಆ ಕುರ್ಚಿಯಿಂದ ಏಳುವ ಮೊದಲೇ ಕೇಳಿ. ಮಾತ್ರೆ ಸಿಕ್ಕಿದರೆ ಹೇಳಿದ ಹೊತ್ತಿಗೆ ತಪ್ಪದೆ ಕೊಡಿ, ರೋಗಿ ಈಗ ಬೇಡವೆಂದರೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುತ್ತದೆ, ಅದಕ್ಕೆ ಬೇಕಾದ ಔಷಧವನ್ನು ಮೊದಲ ದಿನದಿಂದಲೇ ಕೇಳಿ ಪಡೆಯಿರಿ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಬರಬಹುದು, ಸಾಮಾನ್ಯವಾಗಿ ಅವು ತಾವಾಗಿಯೇ ಇಳಿಯುತ್ತವೆ. ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ ಅಥವಾ ಉಸಿರು ತೀರ ನಿಧಾನವಾದರೆ ಕೂಡಲೇ ವೈದ್ಯರಿಗೆ ತಿಳಿಸಿ. ಮಾತ್ರೆಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ, ಉಳಿದದ್ದನ್ನು ಆಸ್ಪತ್ರೆಗೆ ಮರಳಿಸಿ. ನೋಡಲು ಬಂದವರು ‘ತಡ್ಕೊಳ್ಳಿ’ ಎಂದರೆ, ತಡೆದುಕೊಳ್ಳುವ ಅಗತ್ಯವಿಲ್ಲವೆಂದು ರೋಗಿಯ ಎದುರಿನಲ್ಲಿಯೇ ಅವರಿಗೆ ಹೇಳಿ.